ಅರ್ಧ ನೂಲು, ಒಂದು ಕೂದಲು ಕಮ್ಮಿ

ನನ್ನ ಮೇಸ್ತ್ರಿ ಪಿಳ್ಳಪ್ಪನವರಿಗೆ ನಿಮ್ಮ ಎರಡ್ನೂಲು ಮಾಡುವ ನಮಸ್ಕಾರಗಳು.

‘ತೀರ್ಥರೂಪ ಸಮಾನರಾದ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನೀವಿದ್ದಿದ್ದರೆ "ತೀರ್ಥನೂ ಬ್ಯಾಡ, ರೂಪನೂ ಬ್ಯಾಡ, ವಿಷಯಕ್ಕೆ ಬಾರಪ್ಪ" ಎನ್ನುತ್ತಿದ್ದಿರಿ. ವಿಷಯ ಇದೆ ಮೇಸ್ತ್ರಿ. ಹೋದ ವಾರದಿಂದ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನೀವು ಹೋಗಿ ವರ್ಷದ ಮೇಲಾಯಿತು, ಆದರೂ ಇದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಆದರೆ ನಾನು ಏನನ್ನೇ ಆಗಲಿ ಬುಡದಿಂದ ಹೇಳುವವನು. ಮೊದಲು ಮುಖ್ಯವಾದದ್ದು ಹೇಳು ಎಂದು ನೀವು ಎಷ್ಟು ಬೈದರೂ ಆ ಬುದ್ಧಿ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಸ್ವಲ್ಪ ತಾಳ್ಮೆಯಿಂದ ಕೇಳಿ, ಈಗಂತೂ ನಿಮಗೆ ಯಾವ ಲಾರಿಯೂ ಕಾಯುತ್ತಿಲ್ಲ.

ನಾನು ಮೊದಲ ದಿನ ಶೆಡ್ಡಿಗೆ ಬಂದದ್ದು ನಿಮಗೆ ನೆನಪಿರಬೇಕು. ಚೀನಾ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ದಂಡಿನ ಲಾರಿ, ಜೀಪುಗಳನ್ನು ಬಿಚ್ಚಿ ರಿಪೇರಿ ಮಾಡುವ ನಮ್ಮ ಶೆಡ್ಡಿಗೆ ಡಿಪ್ಲೊಮಾ ಮುಗಿಸಿದವರನ್ನು ತೆಗೆದುಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹಲಸೂರಿನ ಬಾಡಿಗೆ ಕೋಣೆಯಿಂದ ನಡೆದು ಬಂದಿದ್ದೆ. ನೀವು ಒಂದು ಲಾರಿಯ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದಿರಿ. ನಾನು ಗುಡ್ ಮಾರ್ನಿಂಗ್ ಎಂದೆ. ನೀವು ಕಣ್ಣು ತೆರೆಯದೆಯೇ "ಸ್ವಲ್ಪ ತಡಿಯಪ್ಪ, ಇದು ಮಾತಾಡ್ತಾ ಐತೆ" ಎಂದಿರಿ.

ಆಮೇಲೆ ನನ್ನ ವಿಚಾರಣೆ. "ಡಿಪ್ಲೊಮಾ ಅಂದ್ರೆ ಎಷ್ಟು ವರ್ಷ?" ಮೂರು ವರ್ಷ ಎಂದೆ. "ಮೂರು ವರ್ಷದಾಗೆ ಎಷ್ಟು ಗಾಡಿ ಬಿಚ್ಚಿದ್ದೀಯಾ?" ಒಂದೂ ಇಲ್ಲ ಎಂದೆ. "ಮತ್ತೇನು ಮಾಡಿದ್ರಿ?" ಚಿತ್ರ ಬರೆದೆವು ಎಂದೆ. ನೀವು ತಲೆಗೆ ಸುತ್ತಿದ ಟವಲ್ಲು ಬಿಚ್ಚಿ, ಮುಖ ಒರೆಸಿಕೊಂಡು, ಪಕ್ಕದಲ್ಲಿ ಲಾರಿಯ ಬಾಡಿ ಕೆಲಸ ಮಾಡುತ್ತಿದ್ದ ಶಿವಾಜಿನಗರದ ಗಫೂರ್ ಭಾಯಿಗೆ ಹೇಳಿದಿರಿ: "ಗಫೂರಾ, ಇಗೋ, ಚಿತ್ರ ಬರೆಯೋರು ಬಂದವ್ರೆ. ಒಂದು ಕೋಟು ಕೊಡು. ಕೈ ಗ್ರೀಸಾದ್ರೆ ಬಾಯಿ ಮೊಸರು." ಸಂಜೆಯ ಹೊತ್ತಿಗೆ ನನ್ನ ಬಿಳಿ ಷರಟು ಯಾವ ಬಣ್ಣಕ್ಕೆ ತಿರುಗಿತ್ತೆಂದು ಕೇಳಬೇಡಿ. ಆ ದಿನದಿಂದ ನಾನು ನಿಮ್ಮ ಶಿಷ್ಯ.

ಹೊಸ ಲಾರಿಗಳು ಸಾಲಾಗಿ ಗೇಟಿನೊಳಗೆ ಬಂದ ಬೆಳಿಗ್ಗೆಯೂ ನಿನ್ನೆಯ ಹಾಗಿದೆ. ಪೇಪರಿನಲ್ಲಿ ದಿನಬೆಳಗಾದರೆ ‘ಸೈನ್ಯದ ಆಧುನೀಕರಣ’ ಎಂದು ದಪ್ಪಕ್ಷರದಲ್ಲಿ ಬರುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಓದಿ ಹೇಳುತ್ತಿದ್ದೆ. ಹೊಸ ವಿಮಾನವಂತೆ, ಹೊಸ ಬಂದೂಕಂತೆ, ಹಿಮದಲ್ಲೂ ಓಡುವ ಹೊಸ ಲಾರಿಯಂತೆ. ಗಫೂರ್ ಭಾಯಿ ಆಧುನೀಕರಣ ಅಂದ್ರೆ ಏನು ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀವೇ ಉತ್ತರ ಕೊಟ್ಟಿರಿ. "ಹಳೇ ಸ್ಪಾನರ್ ಹೊಸ ನಟ್ಟಿಗೆ ಕೂರಲ್ಲ, ಅಷ್ಟೇ ಕಣಯ್ಯ." ಅದಕ್ಕಿಂತ ಚೆನ್ನಾಗಿ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಬ್ರಿಟಿಷರ ಕಾಲದ ಹಳೇ ಗಾಡಿಗಳೆಲ್ಲ ಇಂಚಿನ ಅಳತೆ, ಹೊಸ ಗಾಡಿಗಳೆಲ್ಲ ಮಿಲಿಮೀಟರು. ಹಳೆಯವನ್ನು ಬಿಡುವ ಹಾಗಿಲ್ಲ, ಗಡಿಗೆ ಅವೂ ಬೇಕು. ಹೊಸದನ್ನು ಬೇಡ ಎನ್ನುವ ಹಾಗಿಲ್ಲ. ಬಿಡಿಭಾಗ ಕೇಳಿ ಕಾಗದ ಬರೆದರೆ ಉತ್ತರ ಬರುವಷ್ಟರಲ್ಲಿ ಬರೆದ ಸಾಹೇಬರಿಗೇ ವರ್ಗ. ನೀವು ಇಂಚಿನ ಸ್ಪಾನರುಗಳ ಹಿಡಿಗೆ ಕೆಂಪು ಬಣ್ಣ, ಮಿಲಿಮೀಟರಿನವಕ್ಕೆ ಹಸಿರು ಬಣ್ಣ ಬಳಿಸಿದಿರಿ. "ಅತ್ತೆ ಸೊಸೆ ಒಂದೇ ಮನೇಲಿ ಇರಬೇಕು ಅಂದ್ಮೇಲೆ ಒಲೆ ಎರಡು ಹಾಕ್ಬೇಕು" ಎಂದಿರಿ.

ಬೋರ್ಡಿನ ಪ್ರಕರಣಕ್ಕೆ ಈಗ ಬರಲೇಬೇಕು, ಎಷ್ಟು ನಾಚಿಕೆಯಾದರೂ. ಶೆಡ್ಡಿನಲ್ಲಿ ನೀವೆಲ್ಲ ಅಳತೆಯನ್ನು ನೂಲಿನಲ್ಲಿ ಹೇಳುತ್ತಿದ್ದಿರಿ. ಒಂದು ಇಂಚಿಗೆ ಎಂಟು ನೂಲು. ಬಡಗಿಯೂ ಅದನ್ನೇ ಹೇಳುತ್ತಿದ್ದ, ಕಮ್ಮಾರನೂ ಅದನ್ನೇ. ಗಫೂರ್ ಭಾಯಿ ಅದನ್ನೇ ಅವರ ಮಾತಿನಲ್ಲಿ ‘ಸೂತ್’ ಎನ್ನುತ್ತಿದ್ದರು. ಮೂರು ವರ್ಷ ಚಿತ್ರ ಬರೆದ ನನಗೆ ಮಾತ್ರ ಅದು ಗೊತ್ತಿರಲಿಲ್ಲ. ಹೊಸ ಲಾರಿಯ ಪುಸ್ತಕ ಇಂಗ್ಲಿಷಿನಲ್ಲಿ ಇತ್ತು. ಕೆಲಸಗಾರರಿಗೆ ಅರ್ಥವಾಗುವ ಹಾಗೆ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕು ಎಂದು ಆಗಿನ ಮೇಜರ್ ಸಾಹೇಬರು ನನಗೆ ಹೇಳಿದರು. ನಟ್ಟು ಬಿಗಿದ ಮೇಲೆ ಬೋಲ್ಟಿನ ಎರಡು ಥ್ರೆಡ್ಡು ಹೊರಗೆ ಕಾಣಬೇಕು ಎಂದು ಪುಸ್ತಕದಲ್ಲಿತ್ತು. ಥ್ರೆಡ್ಡು ಅಂದರೆ ಬೋಲ್ಟಿನ ಮೇಲಿನ ಸುತ್ತು. ನಾನು ನಿಘಂಟು ತೆಗೆದೆ. ಥ್ರೆಡ್ಡು ಎಂದರೆ ನೂಲು. ಆಹಾ, ಎಷ್ಟು ಅಚ್ಚಗನ್ನಡ ಎಂದುಕೊಂಡು ದುಂಡಗೆ ಬರೆದೆ: ‘ನಟ್ಟಿನ ಆಚೆ ಎರಡು ನೂಲು ಕಾಣತಕ್ಕದ್ದು.’

ನೀವು ಆ ಮೂರು ದಿನ ರಜೆಯಲ್ಲಿದ್ದಿರಿ, ಗರುಡಾಚಾರ್‌ಪಾಳ್ಯದ ನಿಮ್ಮ ಹೊಲದಲ್ಲಿ ರಾಗಿ ಕೊಯ್ಲು. ಇತ್ತ ಶೆಡ್ಡಿನಲ್ಲಿ ಬೋರ್ಡನ್ನು ಎಲ್ಲರೂ ಓದಿದರು. ಓದಿದವರಿಗೆ ಎರಡು ನೂಲು ಎಂದರೆ ಕಾಲು ಇಂಚು. ಬೋಲ್ಟು ಅಷ್ಟು ಉದ್ದ ಹೊರಗೆ ಬರುವುದಿಲ್ಲವಲ್ಲ, ಏನು ಮಾಡುವುದು? ಸರ್ಕಾರದ ಬೋರ್ಡು ಸುಳ್ಳಾಗಬಾರದು. ಯಾರೋ ಜಾಣ ಕಂಡುಹಿಡಿದ, ನಟ್ಟಿನ ಕೆಳಗಿನ ಸ್ಪ್ರಿಂಗ್ ವಾಷರ್ ತೆಗೆದುಬಿಟ್ಟರೆ ಸರಿಯಾಗಿ ಕಾಲು ಇಂಚು ಕಾಣುತ್ತದೆ. ಆರು ಲಾರಿಗಳ ವಾಷರು ತೆಗೆದು ಡಬ್ಬಿಗೆ ಹಾಕಿದರು. ನಟ್ಟು ಸಡಿಲವಾಗದ ಹಾಗೆ ಹಿಡಿದಿಡುವುದೇ ಆ ವಾಷರು ಎಂದು ನನಗೆ ಗೊತ್ತಿತ್ತು, ಆದರೆ ಅದನ್ನು ತೆಗೆಯುತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ನಾನು ನನ್ನ ಅಕ್ಷರ ನೋಡಿಕೊಂಡು ಖುಷಿಯಾಗಿದ್ದೆ.

ನಾಲ್ಕನೇ ದಿನ ನೀವು ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಕೃಷ್ಣರಾಜಪುರದವರೆಗೆ ಓಡಿಸಿ ನೋಡಲು ಹೊರಟಿದ್ದ ಮೊದಲ ಲಾರಿ ಹಳೇ ಮದರಾಸು ರಸ್ತೆಯಲ್ಲಿ ನಿಮಗೆ ಎದುರಾಯಿತು. ನೀವು ರಸ್ತೆಯ ನಡುವೆ ಸೈಕಲ್ ಅಡ್ಡ ಹಾಕಿದಿರಿ. ಡ್ರೈವರ್ ಬೈದರೆ "ಗಾಡಿ ಕೆಮ್ತಾ ಐತೆ, ಹಿಂದಕ್ಕೆ ತಿರುಗ್ಸು" ಎಂದಿರಿ. ಶೆಡ್ಡಿಗೆ ಬಂದವರೇ ನೇರ ಆ ಡಬ್ಬಿಯ ಹತ್ತಿರ ಹೋದಿರಿ. "ಇಷ್ಟು ವಾಷರ್ ಯಾಕ್ಲಾ ಉಳಿದವೆ? ಗಾಡಿಗಳೇನು ದಾನ ಕೊಟ್ವಾ?" ಗಫೂರ್ ಭಾಯಿ ಬೋರ್ಡಿನ ಕಡೆ ಬೆರಳು ತೋರಿಸಿ "ದೋ ಸೂತ್" ಎಂದರು, ಅಷ್ಟೆ. ನೀವು ಬೋರ್ಡು ಓದಿದಿರಿ, ನನ್ನ ಮುಖ ನೋಡಿದಿರಿ. ನನಗೆ ಆಗ ಅರ್ಥವಾಯಿತು. ಕಾಲಡಿಯ ನೆಲ ಕುಸಿಯಿತು ಎಂದು ಕಥೆಗಳಲ್ಲಿ ಬರೆಯುತ್ತಾರಲ್ಲ, ನಿಜವಾಗಿಯೂ ಹಾಗೇ ಆಗುತ್ತದೆ ಮೇಸ್ತ್ರಿ.

ಮೇಜರ್ ಸಾಹೇಬರು ಬಂದಾಗ ನೀವು ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. "ನಾನು ಇಲ್ದೇ ಇದ್ದಾಗ ನನ್ನ ಜನ ಅವಸರ ಮಾಡವ್ರೆ ಸಾಹೇಬ್ರೇ, ತಪ್ಪು ನಂದು. ನಾಳೆ ಸಂಜೆಗೆ ಆರು ಗಾಡೀನೂ ಬಿಗಿದು ಕೊಡ್ತೀವಿ." ಬೋರ್ಡಿನ ಮಾತೇ ಎತ್ತಲಿಲ್ಲ. ಅವರು ಹೋದ ಮೇಲೆ ಸೀಮೆಎಣ್ಣೆ ಬಟ್ಟೆ ನನ್ನ ಕೈಗೆ ಕೊಟ್ಟು, "ಒರೆಸು. ಇನ್ಮೇಲೆ ಬರೆಯೋಕ್ ಮುಂಚೆ ಓದೋರನ್ನ ಕೇಳು" ಎಂದಿರಿ. ಎರಡು ದಿನ ಎಲ್ಲರೂ ಸೇರಿ ಒಂದೊಂದು ನಟ್ಟನ್ನೂ ಬಿಚ್ಚಿ ಮತ್ತೆ ಬಿಗಿದೆವು. ಆಗ ಇಟ್ಟ ಹೆಸರು ಎರಡ್ನೂಲು. ಶ್ರೀನಿವಾಸ ಎಂಬ ನನ್ನ ಹೆಸರನ್ನು ನನ್ನ ಹೆಂಡತಿ ಸಹ ಈಗ ಮರೆತಿದ್ದಾಳೆ.

ಟ್ರೇಡ್ ಟೆಸ್ಟಿನ ಸುತ್ತೋಲೆ ಬಂದ ದಿನ ನೀವು ಊಟದ ಡಬ್ಬಿ ತೆಗೆಯಲೇ ಇಲ್ಲ, ನಾನು ಗಮನಿಸಿದೆ. ಆಗ ಎಪ್ಪತ್ತರ ದಶಕ ಶುರುವಾಗಿತ್ತು. ಹೊಸ ಗಾಡಿಗಳ ಸಾಲಿಗೆ ಮೇಸ್ತ್ರಿಯಾಗಿ ಇರಬೇಕಾದರೆ ಮಿಲಿಮೀಟರ್ ಅಳತೆಯಲ್ಲಿ ಪರೀಕ್ಷೆ ಪಾಸಾಗಬೇಕು. ಆಗದವರು ಹಿಂದಿನ ಯಾರ್ಡಿನಲ್ಲಿ, ಗುಜರಿಗೆ ಹೋಗುವ ಹಳೇ ಗಾಡಿಗಳನ್ನು ಕಾಯುತ್ತಾ ಕೂರಬೇಕು. ಓಡುವ ಎಂಜಿನ್ನಿಗೆ ಕಿವಿಯಿಟ್ಟು ಇಪ್ಪತ್ತೈದು ವರ್ಷ ಕಳೆದವರನ್ನು ಸತ್ತ ಎಂಜಿನ್ನುಗಳ ನಡುವೆ ಕೂರಿಸಿದರೆ... ಪರೀಕ್ಷೆ ಮಾಡುವವರು ಹೊಸದಾಗಿ ಬಂದಿದ್ದ ಸರ್ದಾರ್ ಕ್ಯಾಪ್ಟನ್ನರು. ಪಂಜಾಬಿನವರು, ದೊಡ್ಡ ಗಡ್ಡ, ಕಡಿಮೆ ಮಾತು. ಅವರಿಗೆ ಕನ್ನಡ ಬರುವುದಿಲ್ಲ. ನಿಮ್ಮ ಹಿಂದಿ ಗಫೂರ್ ಭಾಯಿಯ ಜೊತೆ ಜಗಳವಾಡಲು ಸಾಲುತ್ತಿತ್ತು, ಪರೀಕ್ಷೆಗೆ ಸಾಲುತ್ತಿರಲಿಲ್ಲ. ಹಾಗಾಗಿ ದುಭಾಷಿಯಾಗಿ ನನ್ನನ್ನು ಹಾಕಿದರು.

ಪ್ರತಿ ಭಾನುವಾರ ನಾನು ನಿಮ್ಮ ಮನೆಗೆ ಬರುತ್ತಿದ್ದೆನಲ್ಲ, ಅಂಥ ಭಾನುವಾರಗಳು ಮತ್ತೆ ಬರಲಿಲ್ಲ. ಬೈಯಪ್ಪನಹಳ್ಳಿಯ ರೈಲ್ವೆ ಗೇಟು ಹಾಕಿದ್ದರೆ ಸೈಕಲ್ಲಿನ ಮೇಲೆ ಒಂದು ಕಾಲೂರಿ ಮದರಾಸಿನ ರೈಲು ಹೋಗುವುದನ್ನು ನೋಡಿಕೊಂಡು, ಆಮೇಲೆ ರಾಗಿ ಹೊಲಗಳ ನಡುವೆ ತುಳಿಯುತ್ತಾ ಬರುವುದು. ಜಗಲಿಯ ಮೇಲೆ ದಪ್ಪ ಅಳೆಯುವ ವರ್ನಿಯರ್, ಸ್ಲೇಟು, ಬಳಪ. ನನಗೆ ಎಲ್ಲ ಕಲಿಸಿದವರಿಗೆ ನಾನು ಮೇಷ್ಟ್ರು. "ಒಂದು ನೂಲಿಗೆ ಎಷ್ಟು ಮಿಲ್ಲಿ?" ಎಂದು ನಾನು ಕೇಳಬೇಕು, "ಮೂರು ಮಿಲ್ಲಿ, ಮೇಲೊಂಚೂರು" ಎಂದು ನೀವು ಹೇಳಬೇಕು. "ಒಂಚೂರು ಅಂದ್ರೆ ಎಷ್ಟು, ಸರಿಯಾಗಿ ಹೇಳಿ" ಎಂದರೆ ನಿಮಗೆ ಸಿಟ್ಟು. "ಆ ಒಂಚೂರೇ ಕಣ್ಲಾ ನನ್ನ ಪ್ರಾಣ ತಿಂತಾ ಇರೋದು. ದೇವರು ಇಂಚು ಮಾಡ್ದಾಗ ಮಿಲ್ಲೀನ ಕೇಳಿ ಮಾಡ್ಬೇಕಿತ್ತು."

ನಿಮ್ಮ ಮನೆಯವರು, ವೆಂಕಟಮ್ಮಕ್ಕ, ಆ ಭಾನುವಾರಗಳಲ್ಲಿ ನಮ್ಮಿಬ್ಬರನ್ನೂ ಆಡಿಕೊಂಡು ನಗದ ದಿನವಿಲ್ಲ. ಅವರು ಕಜ್ಜಾಯ ಕರಿದು ತಟ್ಟೆಯಲ್ಲಿಟ್ಟರೆ ನೀವು ಒಂದೊಂದನ್ನೂ ವರ್ನಿಯರಿಗೆ ಕೊಡುತ್ತಿದ್ದಿರಿ. "ಇದು ಒಂಬತ್ತು ಮಿಲ್ಲಿ. ಇದು ಹನ್ನೊಂದು. ಲೇ ವೆಂಕಟೀ, ನಿನ್ನ ಕೈ ಅಳತೆ ಸರಿಯಿಲ್ಲ ಕಣೇ." ಅಕ್ಕ ಒಳಗಿನಿಂದಲೇ ಹೇಳಿದ್ದರು: "ತಿನ್ನೋಕ್ಕೆ ಅಳತೆ ಯಾಕೆ? ಬ್ಯಾಡದಿದ್ರೆ ಸೀನಪ್ಪಂಗೆ ಕೊಡಿ, ಅವ್ನು ಅಳೀದೆ ತಿಂತಾನೆ." ನಾನು ಅಳೆಯದೆ ತಿಂದೆ. ನೀವು ಅಳೆದು ತಿಂದಿರಿ. ವರ್ನಿಯರಿನ ಹಲ್ಲಿನಲ್ಲಿ ಸಿಕ್ಕಿಕೊಂಡ ಬೆಲ್ಲಕ್ಕೆ ಇರುವೆ ಹತ್ತಿ, ಸೋಮವಾರ ಶೆಡ್ಡಿನಲ್ಲಿ ಅದನ್ನು ತೆಗೆದಾಗ ಗಫೂರ್ ಭಾಯಿ ನಕ್ಕು ನಕ್ಕು ಕೂತುಬಿಟ್ಟಿದ್ದರು. ಮೂರು ತಿಂಗಳಲ್ಲಿ ನೀವು ಕಲಿತಿರಿ. ನಿಧಾನವಾಗಿ, ಮುಖ ಸಿಂಡರಿಸಿಕೊಂಡು, ಆದರೆ ಕಲಿತಿರಿ.

ಪರೀಕ್ಷೆಯ ದಿನ ನೀವು ತಲೆಗೆ ಹೊಸ ಟವಲ್ಲು ಸುತ್ತಿಕೊಂಡು ಬಂದಿರಿ. ಕೋಣೆಯೊಳಗೆ ಮೇಜು, ಮೇಜಿನ ಆಚೆ ಕ್ಯಾಪ್ಟನ್ನರು, ಈಚೆ ನೀವು, ಪಕ್ಕದಲ್ಲಿ ನಾನು. ಶುರುವಿಗೆ ಮುಂಚೆ ಅವರು ನನಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು. ಮಾತನ್ನು ಮಾತ್ರ ತಿರುಗಿಸು, ಲೆಕ್ಕ ತಿರುಗಿಸಬೇಡ. ನಾನು ಯೆಸ್ ಸರ್ ಎಂದೆ. ಎಂಜಿನ್ನಿನ ಕೆಲಸ ನೀವು ನೀರು ಕುಡಿದ ಹಾಗೆ ಮುಗಿಸಿದಿರಿ. ವರ್ನಿಯರಿನಲ್ಲಿ ಎರಡು ಉಕ್ಕಿನ ತುಂಡು ಅಳೆದು ಮಿಲಿಮೀಟರಿನಲ್ಲೇ ಸರಿಯಾಗಿ ಹೇಳಿದಿರಿ. ನನಗೆ ಒಳಗೊಳಗೇ ಹಬ್ಬ. ಆಗ ಅವರು ವರ್ನಿಯರನ್ನು ತೆಗೆದು ತಮ್ಮ ಕಡೆ ಇಟ್ಟುಕೊಂಡರು. "ಗಡಿಯಲ್ಲಿದ್ದೀಯ. ಸಲಕರಣೆ ಪೆಟ್ಟಿಗೆ ಹೊಳೆಗೆ ಬಿದ್ದುಹೋಗಿದೆ. ಈಗ ಹೇಳು, ಇದು ಎಷ್ಟು ದಪ್ಪ?" ಎಂದು ಮೂರನೇ ತುಂಡನ್ನು ನಿಮ್ಮ ಕೈಗಿಟ್ಟರು. ಇದು ನಾವು ಓದಿದ ಪಾಠದಲ್ಲಿ ಇರಲಿಲ್ಲ.

ನೀವು ಆ ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿದಿರಿ. ಮುಚ್ಚಿದ ಕಣ್ಣಿನಲ್ಲಿ ಮಿಲಿಮೀಟರ್ ಎಲ್ಲಿ ಬರಬೇಕು? ಮೂರು ತಿಂಗಳ ಪಾಠ ಗಾಳಿಗೆ ಹೋಯಿತು. ಬಾಯಿಂದ ಬಂದದ್ದು "ಅರ್ಧ ನೂಲು." ಮತ್ತೆ ಬೆರಳು ಆಡಿಸಿ "ಅಲ್ಲ, ತಡೀರಿ. ಅರ್ಧ ನೂಲು, ಒಂದು ಕೂದಲು ಕಮ್ಮಿ" ಎಂದಿರಿ. ಎಂಥ ಕೂದಲು ಎಂದು ಸಾಹೇಬರಿಗೆ ಗೊತ್ತಾಗಲಿ ಎಂದೋ ಏನೋ, ಟವಲ್ಲು ಸರಿಸಿ, ಕಿವಿಯ ಹಿಂದೆ ಉಳಿದಿದ್ದ ನಾಲ್ಕು ನರೆಗೂದಲಿನಲ್ಲಿ ಒಂದನ್ನು ಪಟಕ್ಕನೆ ಕಿತ್ತು ಅವರ ಮುಂದಿನ ಕಾಗದದ ಮೇಲೆ ಇಟ್ಟಿರಿ. ಅವರು ಏನನ್ನಾದರೂ ಕೇಳುವ ಮುಂಚೆಯೇ ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ, ಒಂದೂವರೆ ಮಿಲಿಮೀಟರ್ ಅನ್ನುತ್ತಿದ್ದಾರೆ ಸರ್. ಕ್ಯಾಪ್ಟನ್ನರು ನನ್ನ ಕಡೆ ನೋಡಲಿಲ್ಲ. ಗಡ್ಡದೊಳಗೆ ನಕ್ಕರೋ ಬಿಟ್ಟರೋ ಗೊತ್ತಾಗಲಿಲ್ಲ. ಏನೋ ಬರೆದರು, ಕೂದಲಿನ ಸಮೇತ ಫೈಲು ಮುಚ್ಚಿದರು, ಪಾಸ್ ಎಂದರು.

ಹೊರಗೆ ಬಂದು ನಾನು ನಿಮ್ಮ ಕೈ ಹಿಡಿದು ಕುಣಿಸಲು ಹೋದರೆ ನೀವು ಕೈ ಬಿಡಿಸಿಕೊಂಡಿರಿ. "ನಾನು ಕೂದಲು ಅಂದೆ. ನಿನ್ನ ಇಂಗ್ಲಿಷಾಗೆ ಕೂದಲೇ ಇರ್ಲಿಲ್ವಲ್ಲಾ. ಮಿಲ್ಲಿಮೀಟ್ರು ಅಂತ ಕೇಳಿಸ್ತು." ಹೌದು ಮೇಸ್ತ್ರಿ, ಲೆಕ್ಕ ನಾನೇ ತಿರುಗಿಸಿದೆ ಎಂದು ಒಪ್ಪಿಕೊಂಡೆ. ಪಾಸಾದವರು ಇಡೀ ಶೆಡ್ಡಿಗೆ ಸಿಹಿ ಹಂಚುವುದು ನಮ್ಮ ಪದ್ಧತಿ. ಗಫೂರ್ ಭಾಯಿ ಆಗಲೇ ಕೈ ಒರೆಸಿಕೊಂಡು ನಿಂತಿದ್ದರು. ನೀವು ಅವರಿಗೆ "ಪಾಸಾಗಿರೋದು ಎರಡ್ನೂಲು, ಅವನ್ನ ಕೇಳು" ಎಂದು ಹೇಳಿ ಲಾರಿಯ ಕೆಳಗೆ ನುಸುಳಿಬಿಟ್ಟಿರಿ. ನಾನು ಹೇಗೆ ಹಂಚಲಿ? ಮನೆಯಲ್ಲಿ ವೆಂಕಟಮ್ಮಕ್ಕ ನೆನೆಸಿಟ್ಟಿದ್ದ ಅಕ್ಕಿ ಕಜ್ಜಾಯವಾಗದೆ ಬರೀ ದೋಸೆಯಾಯಿತು. ನನ್ನಿಂದ ನಿಮಗೆ ಉಪಕಾರವಾಯಿತು ಎಂದುಕೊಂಡಿದ್ದೆ. ನಿಮ್ಮ ಗೆಲುವನ್ನು ನಿಮ್ಮ ಬಾಯಿಂದಲೇ ಕಿತ್ತುಕೊಂಡಿದ್ದೆ.

ಆಮೇಲಿನ ವರ್ಷಗಳಲ್ಲಿ ನೀವು ಹೊಸ ಗಾಡಿಗಳ ಸಾಲನ್ನು ಹೇಗೆ ನಡೆಸಿದಿರಿ ಎಂದು ನಾನು ಹೇಳಬೇಕೇ? ಗಡಿಯಲ್ಲಿ ಮತ್ತೆ ಯುದ್ಧವಾದಾಗ ನಮ್ಮ ಶೆಡ್ಡಿನಿಂದ ಹೋದ ಒಂದು ಗಾಡಿಯೂ ದಾರಿಯಲ್ಲಿ ಕೆಮ್ಮಲಿಲ್ಲ ಎಂದು ಕಾಗದ ಬಂತು. ಅವತ್ತು ನೀವು ನಕ್ಕಿರಿ. ಆದರೆ ನಾವಿಬ್ಬರೇ ಇದ್ದಾಗ ಅದೇ ಪ್ರಶ್ನೆ. "ನಿಜ ಹೇಳು, ಅವತ್ತು ಪಾಸಾಗಿದ್ದು ನಾನೋ ನೀನೋ?" ತಮಾಷೆಯ ದನಿಯಲ್ಲೇ ಕೇಳುತ್ತಿದ್ದಿರಿ, ಕಣ್ಣಿನಲ್ಲಿ ತಮಾಷೆ ಇರುತ್ತಿರಲಿಲ್ಲ. ನಿವೃತ್ತಿಯ ಹಾರ ಕೊರಳಲ್ಲಿದ್ದಾಗಲೂ ಕೇಳಿದಿರಿ. ಕೊನೆಯ ಸಲ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದಾಗಲೂ ಕೇಳಿದಿರಿ. ನಾನು ಇಬ್ಬರೂ ಎಂದೆ. "ಪರೀಕ್ಷೇಲಿ ಇಬ್ಬರು ಪಾಸಾಗೋದು ಕಾಪಿ ಹೊಡೆದ್ರೆ ಮಾತ್ರ" ಎಂದಿರಿ. ಅದಾಗಿ ಹದಿನೈದು ದಿನಕ್ಕೆ...

ಇಗೋ, ವಿಷಯಕ್ಕೆ ಬಂದೆ. ಹೋದ ವಾರ ಶೆಡ್ಡಿನ ಹಳೇ ಫೈಲುಗಳನ್ನು ಸುಡಲು ಅಪ್ಪಣೆ ಬಂತು. ಸುಡುವ ಮುಂಚೆ ಒಂದೊಂದನ್ನೂ ನೋಡಿ ರುಜು ಹಾಕುವ ಕೆಲಸ ನನ್ನದು. ಟ್ರೇಡ್ ಟೆಸ್ಟಿನ ಕಟ್ಟು ಬಿಚ್ಚಿದೆ. ನಿಮ್ಮ ಹಾಳೆ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ಅದೇ ನನ್ನನ್ನು ಹಿಡಿಯಿತು ಅನ್ನಬೇಕು, ಯಾಕೆಂದರೆ ಅದರ ಅಂಚಿನಲ್ಲಿ ಹಳದಿಯಾದ ಅಂಟುಪಟ್ಟಿಯ ಕೆಳಗೆ ಒಂದು ನರೆಗೂದಲು ಇತ್ತು. ನಿಮ್ಮದೇ ಮೇಸ್ತ್ರಿ. ಪಕ್ಕದಲ್ಲಿ ಕ್ಯಾಪ್ಟನ್ನರ ಸಣ್ಣ ಅಕ್ಷರ, ಇಂಗ್ಲಿಷಿನಲ್ಲಿ. ನಾನು ನಿಮಗಾಗಿ ತಿರುಗಿಸುತ್ತೇನೆ, ಈ ಸಲ ಮಾತನ್ನು ಮಾತ್ರ: ‘ಉತ್ತರ, ಅರ್ಧ ಸೂತ್, ಒಂದು ಕೂದಲು ಕಡಿಮೆ. ಕೂದಲನ್ನು ಮೈಕ್ರೋಮೀಟರಿನಲ್ಲಿ ಅಳೆದೆ, 0.09 ಮಿಲಿಮೀಟರ್. ತುಂಡಿನ ದಪ್ಪ 1.50. ಉತ್ತರ ಸರಿ. ಪಾಸ್. ದುಭಾಷಿಯ ಅಗತ್ಯ ಬೀಳಲಿಲ್ಲ.’

ಅಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಅರ್ಧ ನೂಲಿನಿಂದ ನಿಮ್ಮ ಕೂದಲು ಕಳೆದರೆ ಒಂದೂವರೆ ಮಿಲಿಮೀಟರಿಗೆ ಎಷ್ಟು ಹತ್ತಿರ ಬರುತ್ತದೆ ಗೊತ್ತೇ? ಉಳಿದ ವ್ಯತ್ಯಾಸವನ್ನು ಹಿಡಿಯಲು ನಮ್ಮ ವರ್ನಿಯರಿಗೂ ಆಗುವುದಿಲ್ಲ. ನಕ್ಕೆನೋ ಅತ್ತೆನೋ ತಿಳಿಯದು. ಹಾಳೆ ಹಿಡಿದು ಗಫೂರ್ ಭಾಯಿಯ ಹತ್ತಿರ ಓಡಿದೆ. ಅವರಿಗೀಗ ನಿವೃತ್ತಿಗೆ ಎರಡು ತಿಂಗಳಿದೆ. ಕನ್ನಡಕ ಏರಿಸಿ ನೋಡಿ, "ಹೌದು, ಬಂದ ಮೊದಲ್ನೇ ವಾರದಾಗೇ ಸಾಬ್ ನನ್ನ ಕೇಳಿದ್ರು, ಯೇ ನೂಲ್ ಕ್ಯಾ ಹೈ ಅಂತ. ಸೂತ್ ಅಂದೆ. ಅವರ ಅಜ್ಜ ಊರಾಗೆ ಬಡಗಿ ಅಂತೆ, ಅವರಿಗೆ ಸೂತ್ ಗೊತ್ತು. ಅರ್ಧ, ಕಮ್ಮಿ ಹಿಂದೀಲೂ ಹಂಗೇ, ಕೂದಲಂತೂ ಕಣ್ಮುಂದೇನೇ ಇತ್ತಲ್ಲ" ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನಾನು ಅವರ ಮೇಲೆ ರೇಗಿದೆ. "ನೀವಿಬ್ರೂ ಕೇಳಿದ್ರಾ? ಸಿಹಿ ಯಾಕೆ ಹಂಚಲಿಲ್ಲ ಅಂತ ನಾನೇ ಇಷ್ಟು ವರ್ಷ ಬೇಜಾರಾಗಿದ್ದೆ" ಎಂದರು. ಓದುವವರನ್ನು ಕೇಳು ಎಂದು ನೀವು ಹೇಳಿದ್ದಿರಿ. ನಾನು ಪಕ್ಕದಲ್ಲಿದ್ದವರನ್ನೂ ಕೇಳಲಿಲ್ಲ.

ಈಗಿನ ಸಾಹೇಬರ ಅಪ್ಪಣೆ ಪಡೆದು, ಭಾನುವಾರ ಹಾಳೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಗರುಡಾಚಾರ್‌ಪಾಳ್ಯಕ್ಕೆ ತುಳಿದೆ. ಬೈಯಪ್ಪನಹಳ್ಳಿಯ ಗೇಟು ಹಾಕಿತ್ತು, ರೈಲೂ ಬಂತು, ಎಲ್ಲ ಹಾಗೇ. ವೆಂಕಟಮ್ಮಕ್ಕನಿಗೆ ಓದಿ ಹೇಳಿದೆ. ಅವರು ಅಂಟುಪಟ್ಟಿಯ ಮೇಲೆ ಬೆರಳಾಡಿಸಿ, "ಇದು ಅವರದೇ. ಇದಕ್ಕೆ ನಾನು ಎಷ್ಟು ಹರಳೆಣ್ಣೆ ಹಚ್ಚಿಲ್ಲ" ಎಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಅಕ್ಕಿ ನೆನೆಹಾಕ್ತೀನಿ ಸೀನಪ್ಪ. ಶೆಡ್ಡಿನಾಗೆ ಎಷ್ಟು ಜನ ಅವ್ರೆ?"

ಇವತ್ತು ಬೆಳಿಗ್ಗೆ ಡಬ್ಬಿ ತುಂಬ ಕಜ್ಜಾಯ ಹೊತ್ತುಕೊಂಡು ಶೆಡ್ಡಿಗೆ ಹೋದೆ. ಮೊದಲನೆಯದು ಗಫೂರ್ ಭಾಯಿಗೆ. ಹೊಸ ಹುಡುಗರು ಯಾರು ಪಾಸಾದದ್ದು ಸಾರ್ ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ನಿಮ್ಮನ್ನು ನೋಡಿಯೇ ಇಲ್ಲದವರೂ ಎರಡೆರಡು ತೆಗೆದುಕೊಂಡರು. ನಿಮ್ಮ ಹಾಳೆಯನ್ನು ನಾನು ಸುಡುವ ಪಟ್ಟಿಗೆ ಸೇರಿಸಿಲ್ಲ, ನಾನಿರುವ ತನಕ ಸೇರಿಸುವುದೂ ಇಲ್ಲ. ಒಂದು ಕಜ್ಜಾಯವನ್ನು ನಿಮ್ಮ ಹಳೇ ಬೆಂಚಿನ ಮೇಲೆ ವರ್ನಿಯರಿಗೆ ಕೊಟ್ಟು ನೋಡಿದೆ. ಹನ್ನೊಂದು ಮಿಲ್ಲಿ, ಮೇಲೊಂಚೂರು. ಅಕ್ಕನ ಕೈ ಅಳತೆ ಇನ್ನೂ ಸರಿಯಿಲ್ಲ.

ಪಾಸಾದವರು ನೀವೇ ಮೇಸ್ತ್ರಿ. ನಾನು ಅವತ್ತು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ಇಂತಿ ನಿಮ್ಮ
ಎರಡ್ನೂಲು